ಕಬ್ಬಿನ ಗದ್ದೆಯ ಕಾಯಂ ನಿವಾಸಿ

ಹಿತ್ತಲಲ್ಲಿ ಕಟ್ಟಿದ್ದ ಆಡು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದ್ದರೆ, ದುಃಖಕ್ಕಿಂತ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ಕೊಂದದ್ದು ಚಿರತೆಯೋ, ಬೀದಿನಾಯಿಯೋ? ಚಿರತೆಯಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು. ನಾಯಿಯಾದರೆ ಆ ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಗಾರ್ಡು ಬರುತ್ತಾರೆ, ಪಶುವೈದ್ಯರು ಬರುತ್ತಾರೆ, ಮಹಜರು ನಡೆಯುತ್ತದೆ.

ವೈದ್ಯರ ಕಣ್ಣು ಮೊದಲು ಹೋಗುವುದು ಆಡಿನ ಗಂಟಲಿಗೆ. ಕೂದಲು ಸರಿಸಿ ಬೆರಳಾಡಿಸುತ್ತಾರೆ. ಕೋರೆಹಲ್ಲು ನಾಟಿದ ಆಳವಾದ ತೂತುಗಳು ಅಲ್ಲೇ ಒಂದೆಡೆ ಇದ್ದು, ಚರ್ಮ ಬಿಡಿಸಿದಾಗ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅನುಮಾನ ಚಿರತೆಯ ಕಡೆ ವಾಲುತ್ತದೆ. ಚಿರತೆ ಗಂಟಲು ಹಿಡಿದರೆ ಪ್ರಾಣಿ ಉಸಿರುಗಟ್ಟಿ ಸಾಯುವವರೆಗೂ ಬಿಡುವುದಿಲ್ಲ. ಮೈಮೇಲೆ ಬೇರೆ ಗಾಯ ಹೆಚ್ಚಿರುವುದಿಲ್ಲ. ನಾಯಿಗಳ ಕೆಲಸ ಇಷ್ಟು ಅಚ್ಚುಕಟ್ಟಲ್ಲ. ಅವು ಹಿಂದಿನಿಂದ ಅಟ್ಟಿಸಿಕೊಂಡು ಬಂದು ತೊಡೆ, ಹೊಟ್ಟೆ, ಕೆಚ್ಚಲು ಸಿಕ್ಕಿದ್ದನ್ನೆಲ್ಲ ಹರಿದುಹಾಕಿರುತ್ತವೆ. ಅಷ್ಟರಲ್ಲಿ ಗಾರ್ಡು ಸುತ್ತಲ ಹಸಿ ಮಣ್ಣಿನಲ್ಲಿ ಹೆಜ್ಜೆ ಹುಡುಕುತ್ತಿರುತ್ತಾರೆ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರು ಚುಚ್ಚಿದ ಗುರುತು ಮೂಡಿರುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ನಾಲ್ಕು ದುಂಡನೆ ಬೆರಳು, ಅವುಗಳ ಹಿಂದೆ ಬುಡದಲ್ಲಿ ಮೂರು ಉಬ್ಬುಗಳಿರುವ ಅಗಲವಾದ ಅಂಗಾಲು, ಇಷ್ಟೇ ಅಚ್ಚೊತ್ತಿರುತ್ತದೆ.

ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಕಾಲಂ ಸುದ್ದಿ: ನಾಡಿಗೆ ಬಂದ ಚಿರತೆ, ಗ್ರಾಮಸ್ಥರಲ್ಲಿ ಆತಂಕ, ಬೋನು ಇಡಲು ಒತ್ತಾಯ. ಈ ಸುದ್ದಿಯಲ್ಲಿ ಆತಂಕ ನಿಜ, ಒತ್ತಾಯವೂ ನಿಜ. ‘ಬಂದ’ ಎನ್ನುವುದಕ್ಕೆ ಮಾತ್ರ ಆಧಾರ ಇರುವುದಿಲ್ಲ. ಅದು ಆ ಊರಿನ ಹಿಂದಿನ ಗುಡ್ಡದಲ್ಲೋ ಮುಂದಿನ ಕಬ್ಬಿನಲ್ಲೋ ವರ್ಷಗಟ್ಟಲೆ ಇದ್ದದ್ದು, ಪ್ರಾಯಶಃ ಅಲ್ಲೇ ಹುಟ್ಟಿದ್ದು. ಅದರ ತಾಯಿಯೂ ಅಲ್ಲಿಯದೇ ಇರಬಹುದು.

ಇಂಥ ಸುದ್ದಿಗಳನ್ನು ನಾವು ಓದಿ ಮರೆಯುತ್ತೇವೆ. ವಿದ್ಯಾ ಆತ್ರೇಯ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಹಾಗೆ ಮಾಡಲಿಲ್ಲ. ಕರ್ನಾಟಕದ ಪತ್ರಿಕೆಗಳಲ್ಲಿ ಹದಿನಾಲ್ಕು ತಿಂಗಳ ಕಾಲ ಬಂದ ಚಿರತೆ ಸುದ್ದಿಗಳನ್ನೆಲ್ಲ ಕಲೆಹಾಕಿ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ಪತ್ರಿಕೆಗೆ ಬಾರದೆ ಉಳಿದ ಜಾಗಗಳ ಲೆಕ್ಕವನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಸರಿದೂಗಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳನ್ನು ಬಿಟ್ಟು ಉಳಿದ ಕರ್ನಾಟಕದ ಶೇ 47ರಷ್ಟು ನೆಲದಲ್ಲಿ, ಅಂದರೆ ಸುಮಾರು 84,000 ಚದರ ಕಿಲೋಮೀಟರಿನಲ್ಲಿ ಚಿರತೆ ಇದೆ. ರಾಜ್ಯದ ಅರ್ಧಕ್ಕೆ ಹತ್ತಿರ ಹತ್ತಿರ. ಇಷ್ಟು ಚಿರತೆಗಳು ದಾರಿ ತಪ್ಪಿ ಬಂದಿವೆ ಎಂದು ನಂಬುವುದು ಕಷ್ಟ.

ಸರ್ಕಾರಿ ಗಣತಿಯೂ ಇದೆ. 2024ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ವರದಿ ದೇಶದಲ್ಲಿ 13,874 ಚಿರತೆಗಳಿವೆ ಎಂದು ಅಂದಾಜಿಸಿತು. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರದ ನಂತರ ಮೂರನೆಯ ಸ್ಥಾನ ಕರ್ನಾಟಕದ್ದು, 1,879. ಆದರೆ ಈ ಎಣಿಕೆ ನಡೆಯುವುದು ಮುಖ್ಯವಾಗಿ ಹುಲಿಗಣತಿಯ ಜೊತೆಗೆ, ಹುಲಿ ಇರಬಹುದಾದ ಕಾಡುಗಳಲ್ಲಿ. ತುಮಕೂರು, ಮಂಡ್ಯ, ಕೊಪ್ಪಳದ ಕಲ್ಲುಗುಡ್ಡಗಳಲ್ಲಿ ಬಂಡೆ ಸಂದಿಯೊಳಗೆ ಹಗಲು ಕಳೆಯುವ ಚಿರತೆಗಳು ಈ ಲೆಕ್ಕಕ್ಕೆ ಸಿಗುವುದು ಕಡಿಮೆ.

ಹುಲಿ ಇರುವ ಕಾಡಿನಲ್ಲಿ ಚಿರತೆಗೆ ಸುಖವಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಹುಲಿ ಅದಕ್ಕಿಂತ ಮೂರು ನಾಲ್ಕು ಪಟ್ಟು ತೂಕದ ಪ್ರಾಣಿ. ಎದುರಾದರೆ ಬೇಟೆಯನ್ನು ಕಿತ್ತುಕೊಳ್ಳುತ್ತದೆ, ಸಿಟ್ಟು ಬಂದರೆ ಚಿರತೆಯನ್ನೇ ಕೊಲ್ಲುತ್ತದೆ. ಊರಿನ ಸುತ್ತ ಅಂಥ ಯಜಮಾನ ಇಲ್ಲ. ಮನುಷ್ಯ ಇದ್ದಾನೆ ನಿಜ, ಆದರೆ ಅವನ ವೇಳಾಪಟ್ಟಿ ಗೊತ್ತಿರುವಂಥದ್ದು. ರಾತ್ರಿ ಹತ್ತರ ಮೇಲೆ ಬಾಗಿಲು ಹಾಕಿಕೊಳ್ಳುತ್ತಾನೆ.

ಊರಿನ ಚಿರತೆಯ ಬದುಕನ್ನು ಬಿಡಿಸಿ ತೋರಿಸಿದ ಅಧ್ಯಯನಗಳಲ್ಲಿ ಮುಖ್ಯವಾದದ್ದು ನಡೆದದ್ದು ಮಹಾರಾಷ್ಟ್ರದ ಅಕೋಲೆಯಲ್ಲಿ. ಅಹಮದನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಈ ತಾಲ್ಲೂಕಿನ ಮೂಲಕ ಪ್ರವರಾ ನದಿ ಹರಿಯುತ್ತದೆ. ನೀರಾವರಿ ಬಂದ ಮೇಲೆ ಕಣಿವೆಯ ತುಂಬ ಕಬ್ಬು. ಒಂದು ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನ. ಜಿಂಕೆ, ಕಡವೆಗಳ ಸುಳಿವಿಲ್ಲ. ವಿದ್ಯಾ ಆತ್ರೇಯ ಅವರ ತಂಡ ಗದ್ದೆ ಬದುಗಳಲ್ಲಿ, ಬಂಡಿ ದಾರಿಗಳಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಕಟ್ಟಿತು. ಎದುರಿಗೆ ಬೆಚ್ಚಗಿನ ದೇಹ ಹಾದರೆ ತಾನಾಗಿ ಫೋಟೊ ತೆಗೆಯುವ ಯಂತ್ರ ಇದು. ಹಗಲು ಅದೇ ದಾರಿಯಲ್ಲಿ ಎತ್ತಿನ ಗಾಡಿ, ಶಾಲೆ ಮಕ್ಕಳು. ರಾತ್ರಿ ಚಿರತೆ, ಕತ್ತೆಕಿರುಬ, ನರಿ, ಕಾಡುಬೆಕ್ಕು.

ಚಿರತೆಯ ಮೈಮೇಲಿನ ಕಪ್ಪು ಹೂಗಳ ಜೋಡಣೆ ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಫೋಟೊಗಳನ್ನು ಪಕ್ಕಪಕ್ಕ ಇಟ್ಟು, ಪಕ್ಕೆಯ ಮೇಲಿನ ನಾಲ್ಕಾರು ಹೂಗಳನ್ನು ಹೋಲಿಸಿದರೆ ಮೊನ್ನೆ ಬಂದದ್ದು ಇದೇ ಹೌದೋ ಅಲ್ಲವೋ ಹೇಳಬಹುದು. ಎರಡೂ ಮಗ್ಗುಲಿನ ವಿನ್ಯಾಸ ಬೇರೆಬೇರೆಯಾದ್ದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡಬೇಕು. ಹೀಗೆ ಎಣಿಸಿದಾಗ ಬಂದ ಲೆಕ್ಕ: ನೂರು ಚದರ ಕಿಲೋಮೀಟರಿಗೆ ಸುಮಾರು 4.8 ವಯಸ್ಕ ಚಿರತೆಗಳು, ಹೆಚ್ಚುಕಡಿಮೆ ಅಷ್ಟೇ ಕತ್ತೆಕಿರುಬಗಳು. 2013ರಲ್ಲಿ ಇದು ಪ್ರಕಟವಾದಾಗ ವನ್ಯಜೀವಿ ವಲಯದಲ್ಲೇ ಹುಬ್ಬೇರಿತು. ಕಾಡೇ ಇಲ್ಲದ ಕಡೆ ಕಾಡಿನ ಸಾಂದ್ರತೆ! ಅಲ್ಲಿ ಆಗ ಮನುಷ್ಯರ ಮೇಲೆ ದಾಳಿ ತೀರಾ ಅಪರೂಪವಾಗಿತ್ತು ಎಂಬುದು ಇನ್ನೂ ಹೆಚ್ಚಿನ ಅಚ್ಚರಿ.

ಹಾಗಾದರೆ ಅವು ತಿನ್ನುವುದೇನು? ಇದನ್ನು ತಿಳಿಯಲು ಹಿಕ್ಕೆ ತೊಳೆಯಬೇಕು. ವನ್ಯಜೀವಿ ಸಂಶೋಧನೆಯ ಸಾಕ್ಷ್ಯಚಿತ್ರಗಳಲ್ಲಿ ಈ ಭಾಗವನ್ನು ಯಾರೂ ತೋರಿಸುವುದಿಲ್ಲ. ಗದ್ದೆ ಬದುಗಳಲ್ಲಿ ಹೆಕ್ಕಿ ತಂದ ಹಿಕ್ಕೆಯನ್ನು ಜರಡಿಯಲ್ಲಿಟ್ಟು ನೀರು ಬಿಟ್ಟರೆ ಮಣ್ಣು, ಮಲ ಎಲ್ಲ ಇಳಿದು ಕೂದಲು, ಮೂಳೆ ಚೂರು, ಗೊರಸು, ಹಲ್ಲು ಉಳಿಯುತ್ತವೆ. ಕೂದಲು ಜೀರ್ಣವಾಗುವುದಿಲ್ಲ. ಅದನ್ನು ಒಣಗಿಸಿ ಸೂಕ್ಷ್ಮದರ್ಶಕದಡಿ ಇಟ್ಟು ಹೊರಪದರದ ಹುರುಪೆ, ಒಳತಿರುಳಿನ ವಿನ್ಯಾಸ ನೋಡಿದರೆ ನಾಯಿಯದೋ, ಆಡಿನದೋ, ಹೆಗ್ಗಣದ್ದೋ ಗೊತ್ತಾಗುತ್ತದೆ. ಅಕೋಲೆಯ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇ 87 ಪಾಲು ಸಾಕುಪ್ರಾಣಿಗಳದ್ದು. ಅದರಲ್ಲೂ ನಾಯಿಯೊಂದೇ ಶೇ 39. ಅಲ್ಲಿ ನಾಯಿಗಳಿಗಿಂತ ಆಡುಗಳೇ ಏಳು ಪಟ್ಟು ಹೆಚ್ಚಿದ್ದರೂ ಆಡಿನ ಪಾಲು ಶೇ 11 ದಾಟಲಿಲ್ಲ. ಕಾರಣ ಸರಳ. ರಾತ್ರಿ ಆಡು ಕೊಟ್ಟಿಗೆಯೊಳಗೆ ಇರುತ್ತದೆ, ನಾಯಿ ಹೊರಗಿರುತ್ತದೆ.

ನಮ್ಮ ಹಳ್ಳಿಗಳಲ್ಲೂ ಚಿರತೆಯ ಮೊದಲ ಸುಳಿವು ನಾಯಿಯೇ. ರಾತ್ರಿಯೆಲ್ಲ ಬೊಗಳುತ್ತಿದ್ದ ನಾಯಿ ಒಂದು ವಾರದಿಂದ ಕಾಣದಿದ್ದರೆ ಹಿರಿಯರು ಮಕ್ಕಳಿಗೆ ಕತ್ತಲಾದ ಮೇಲೆ ಹೊರಗೆ ಹೋಗಬೇಡಿ ಎನ್ನುತ್ತಾರೆ. ಈ ಸರಪಳಿಯ ತುದಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ತಿಪ್ಪೆ. ಕೋಳಿ ಅಂಗಡಿಯ ತ್ಯಾಜ್ಯ, ಕಲ್ಯಾಣ ಮಂಟಪದ ಎಂಜಲು, ಡಾಬಾದ ಹಿಂದಿನ ಗುಂಡಿ ಇವು ನಾಯಿಗಳನ್ನು ಸಾಕುತ್ತವೆ, ನಾಯಿಗಳು ಚಿರತೆಯನ್ನು ಸಾಕುತ್ತವೆ. ಊರಂಚಿನಲ್ಲಿ ಕೋಳಿ ಪುಕ್ಕ ಸುರಿದು ಬಂದವರೇ ಬೋನಿಗಾಗಿ ರಸ್ತೆ ತಡೆಗೂ ಕೂರುವುದುಂಟು. ಮುಂಬಯಿಯಲ್ಲಿ ಈ ಸರಪಳಿಯ ಇನ್ನೊಂದು ಮುಖವನ್ನು ಲೆಕ್ಕ ಹಾಕಿದ್ದಾರೆ. ನಗರದ ನಡುವಿನ ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತವೆ, ಅದರಿಂದ ಸಾವಿರದಷ್ಟು ನಾಯಿ ಕಡಿತ ತಪ್ಪುತ್ತದೆ ಎಂದು 2018ರ ಒಂದು ಅಧ್ಯಯನ ಅಂದಾಜಿಸಿತು. ಚಿರತೆಯ ದಾಳಿಯಲ್ಲಿ ಮಗುವನ್ನು ಕಳೆದುಕೊಂಡ ಮನೆಯವರ ಮುಂದೆ ಈ ಲೆಕ್ಕ ಒಪ್ಪಿಸುವ ಧೈರ್ಯ ನನಗಂತೂ ಇಲ್ಲ. ಆದರೆ ಲೆಕ್ಕ ಇದೆ.

ಈಗ ಬೋನಿನ ವಿಷಯಕ್ಕೆ ಬರೋಣ. ಸುದ್ದಿಯ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದು ಇದು: ಸೆರೆಸಿಕ್ಕ ಚಿರತೆಯನ್ನು ಅರಣ್ಯಕ್ಕೆ ಬಿಡಲಾಯಿತು. ಓದಿದವರಿಗೆ ಸಮಾಧಾನ. ಪ್ರಾಣಿಯೂ ಬದುಕಿತು, ಊರೂ ಬದುಕಿತು. ಇದು ನಿಜವೇ ಎಂದು ಪರೀಕ್ಷಿಸುವ ಅವಕಾಶ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಒದಗಿಬಂತು. ಅದೂ ಅಣೆಕಟ್ಟಿನ ನೀರಿನಿಂದ ಕಬ್ಬು ಹಬ್ಬಿದ ಸೀಮೆ. ಅಲ್ಲಿ 1993ರಿಂದ 2001ರವರೆಗೆ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕು ದಾಳಿ ನಡೆದಿದ್ದವು. 2001ರಲ್ಲಿ ಚಿರತೆಗಳನ್ನು ಹಿಡಿದು ದೂರದ ಕಾಡುಗಳಿಗೆ ಬಿಡುವ ಕಾರ್ಯಕ್ರಮ ಆರಂಭವಾಯಿತು. ಆಮೇಲೆ 2003ರವರೆಗಿನ ಸರಾಸರಿ ಹದಿನೇಳಕ್ಕೆ ಏರಿತು. ಚಿರತೆಗಳನ್ನು ಬಿಟ್ಟ ಕಾಡುಗಳ ಅಂಚಿನ ಊರುಗಳಲ್ಲೂ ದಾಳಿ ಹೆಚ್ಚಿತು. ಆತ್ರೇಯ ಮತ್ತು ಸಹಲೇಖಕರು ಈ ಅಂಕಿಗಳನ್ನು 2011ರಲ್ಲಿ ಪ್ರಕಟಿಸಿದರು. ಅದೇ ವರ್ಷ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಮನಸ್ಸಿಗೆ ಬಂದಂತೆ ಹಿಡಿದು ಬೇರೆಡೆ ಬಿಡಬೇಡಿ ಎಂದಿತು.

ಹೀಗೇಕೆ ಆಗುತ್ತದೆ ಎನ್ನುವುದು ಚಿರತೆಯ ಸಂಸಾರ ಗೊತ್ತಿದ್ದರೆ ತಿಳಿಯುತ್ತದೆ. ಒಂದು ಗಂಡು ತನ್ನದೆಂದು ಕಾಯುವ ಹರವಿನೊಳಗೆ ಎರಡು ಮೂರು ಹೆಣ್ಣುಗಳ ನೆಲೆ ಇರುತ್ತದೆ. ಮರಕ್ಕೆ ಮೂತ್ರ ಚಿಮ್ಮಿಸಿ, ಕಾಲಿನಿಂದ ನೆಲ ಕೆರೆದು, ಗರಗಸ ಎಳೆದಂತೆ ಕೂಗಿ ಗಡಿ ಹೇಳಿಕೊಳ್ಳುತ್ತದೆ. ಮರಿಗಳು ಒಂದೂವರೆ ಎರಡು ವರ್ಷ ತಾಯಿಯ ಜೊತೆಗಿದ್ದು, ಆಮೇಲೆ ಸ್ವಂತ ಜಾಗ ಹುಡುಕಿಕೊಂಡು ಹೊರಡುತ್ತವೆ. ಜಾಗ ಸಿಗುವವರೆಗೂ ಅಲೆದಾಟವೇ. ಊರಿನ ಒಳಹೊರಗು ತಿಳಿದ ಹಳೆಯ ಗಂಡನ್ನು ಎತ್ತಿಕೊಂಡು ಹೋದರೆ ಅದರ ನೆಲೆ ಖಾಲಿಬಿದ್ದ ಬಾಡಿಗೆ ಮನೆಯಂತೆ; ಬೋರ್ಡು ಹಾಕುವ ಮೊದಲೇ ಯಾರೋ ಬಂದು ನಿಲ್ಲುತ್ತಾರೆ. ಬರುವುದು ಅಲೆದಾಡುತ್ತಿದ್ದ ಪ್ರಾಯದ ಗಂಡು. ಕೆಲವೊಮ್ಮೆ ಒಂದರ ಜಾಗಕ್ಕೆ ಎರಡು. ಹಳೆಯ ಗಂಡಿಗೆ ಹುಟ್ಟಿದ ಮರಿಗಳನ್ನು ಹೊಸದು ಕೊಲ್ಲುವುದೂ ಉಂಟು. ಯಾವ ತೋಟದ ಮನೆಯಲ್ಲಿ ರಾತ್ರಿ ಜನ ಓಡಾಡುತ್ತಾರೆ, ಯಾವ ಕೊಟ್ಟಿಗೆಗೆ ಬಾಗಿಲಿಲ್ಲ ಎಂಬ ತಿಳಿವಳಿಕೆ ಹೊಸಬನಿಗೆ ಇರುವುದಿಲ್ಲ.

ಒಯ್ದ ಚಿರತೆಯ ಪಾಡು ಇನ್ನೂ ಕಷ್ಟ. ಬೋನಿನ ಸರಳು ಕಚ್ಚಿ ಕೋರೆಹಲ್ಲು ಮುರಿದಿರುತ್ತದೆ. ಇಳಿಸಿದ ಕಾಡಿನಲ್ಲಿ ಬೇರೆ ಚಿರತೆಗಳು ಮೊದಲೇ ನೆಲೆಯೂರಿರುತ್ತವೆ. ನೀರೆಲ್ಲಿ, ಅಡಗುವ ಜಾಗವೆಲ್ಲಿ ತಿಳಿಯದು. ಹೀಗಾಗಿ ಅದು ಅಲ್ಲಿಂದ ಹೊರಟುಬಿಡುತ್ತದೆ.

ಹಾಗೆ ಹೊರಟ ಒಂದು ಚಿರತೆಯ ದಾರಿ ನಮಗೆ ಹೆಜ್ಜೆ ಹೆಜ್ಜೆಗೂ ಗೊತ್ತಿದೆ. 2009ರಲ್ಲಿ ಅಹಮದನಗರ ಜಿಲ್ಲೆಯ ಹಳ್ಳಿಯೊಂದರಲ್ಲಿ ತೆರೆದ ಬಾವಿಗೆ ಒಂದು ಗಂಡು ಚಿರತೆ ಬಿತ್ತು. ಕಟ್ಟೆಯಿಲ್ಲದ ಬಾವಿಗಳು ಇರುವ ಕಡೆಯೆಲ್ಲ ಇದು ಮಾಮೂಲಿ, ನಮ್ಮಲ್ಲೂ. ಅದನ್ನು ಮೇಲೆತ್ತಿ, ಕೊರಳಿಗೆ ಜಿಪಿಎಸ್ ಕಾಲರ್ ತೊಡಿಸಿ ಮಾಲ್ಶೇಜ್ ಘಾಟಿನ ಕಾಡಿಗೆ ಬಿಟ್ಟರು. ವಯಸ್ಸಾದಂತೆ ಕಾಣುತ್ತಿದ್ದ, ಶಾಂತ ಸ್ವಭಾವದ ಅದಕ್ಕೆ ಸಂಶೋಧಕರು ಇಟ್ಟ ಹೆಸರು ಆಜೋಬಾ, ಮರಾಠಿಯಲ್ಲಿ ಅಜ್ಜ. ಅಜ್ಜ ಮಾಲ್ಶೇಜ್‌ನಲ್ಲಿ ನಿಲ್ಲಲಿಲ್ಲ. ಹಗಲು ಎಲ್ಲಾದರೂ ಪೊದೆಯಲ್ಲಿ ಮಲಗಿ, ರಾತ್ರಿ ನಡೆದು, ಮುಂಬಯಿ–ಆಗ್ರಾ ಹೆದ್ದಾರಿ ದಾಟಿ, ಕಸಾರಾ ರೈಲು ನಿಲ್ದಾಣದ ಬಳಿ ಹಾದು, ವಸಾಯಿಯ ಖಾಡಿಯನ್ನು ಈಜಿ ಮುಂಬಯಿಯ ರಾಷ್ಟ್ರೀಯ ಉದ್ಯಾನದ ಅಂಚಿಗೆ ಬಂದು ಸೇರಿತು. ಸುಮಾರು 120 ಕಿಲೋಮೀಟರ್. ದಾರಿಯುದ್ದಕ್ಕೂ ಯಾರ ಮೈಗೂ ಹಲ್ಲು ತಾಗಿಸಲಿಲ್ಲ. ನಡುವಿನ ಊರುಗಳಿಗೆ ತಮ್ಮ ಪಕ್ಕ ಚಿರತೆ ಹೋದದ್ದೇ ಗೊತ್ತಾಗಲಿಲ್ಲ. 2011ರ ಡಿಸೆಂಬರಿನಲ್ಲಿ ಮುಂಬಯಿ–ಅಹಮದಾಬಾದ್ ಹೆದ್ದಾರಿಯಲ್ಲಿ ವಾಹನ ಬಡಿದು ಒಂದು ಚಿರತೆ ಸತ್ತಾಗ, ಚರ್ಮದಡಿಯ ಮೈಕ್ರೋಚಿಪ್ ಓದಿ ಅದು ಆಜೋಬಾ ಎಂದು ಗುರುತಿಸಿದರು. 2014ರಲ್ಲಿ ಅದರ ಕತೆಯ ಮೇಲೆ ಅದೇ ಹೆಸರಿನ ಮರಾಠಿ ಸಿನಿಮಾ ಬಂತು.

ಕಬ್ಬಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ನಾಟಿಯಾದ ಮೇಲೆ ಹನ್ನೆರಡು ತಿಂಗಳು, ಕೆಲವು ತಳಿ ಅದಕ್ಕೂ ಹೆಚ್ಚು ಕಾಲ ಗದ್ದೆಯಲ್ಲಿ ನಿಲ್ಲುತ್ತದೆ. ಆಳೆತ್ತರ ಬಂದ ಮೇಲೆ ಒಳಗೆ ಯಾರೂ ಹೋಗುವುದಿಲ್ಲ. ಗರಿ ಕೊಯ್ಯುತ್ತದೆ, ಹಾವಿನ ಭಯ. ಒಳಗೆ ತಂಪು, ಪಕ್ಕದಲ್ಲಿ ಕಾಲುವೆ ನೀರು. ಬಸುರಿ ಚಿರತೆಗೆ ಇನ್ನೇನು ಬೇಕು? ಮೂರು ತಿಂಗಳ ಗರ್ಭ ಕಳೆದು ಎರಡೋ ಮೂರೋ ಮರಿ ಹಾಕುತ್ತದೆ. ಹುಟ್ಟಿದ ಮರಿಗಳು ಕಣ್ಣು ಬಿಟ್ಟಿರುವುದಿಲ್ಲ. ಆಹಾರ ಹುಡುಕಲು ತಾಯಿ ಅವನ್ನು ತರಗಿನ ನಡುವೆ ಬಿಟ್ಟು ಹೋಗುತ್ತದೆ.

ಕಟಾವು ಬರುತ್ತದೆ. ಮಚ್ಚು ಹಿಡಿದ ಸಾಲು ಗದ್ದೆಯ ಒಂದು ಅಂಚಿನಿಂದ ಒಳಗೆ ಹೋದಂತೆ ಮರಿಗಳು ಸಿಗುತ್ತವೆ. ಬೆಕ್ಕಿನ ಮರಿ ಎಂದು ಮಡಿಲಿಗೆ ಹಾಕಿಕೊಂಡವರಿದ್ದಾರೆ, ಮೊಬೈಲಿನಲ್ಲಿ ಸೆಲ್ಫಿ ತೆಗೆದುಕೊಂಡವರಿಗಂತೂ ಲೆಕ್ಕವಿಲ್ಲ. ಹಿಂದೆಲ್ಲ ಇಂಥ ಮರಿಗಳು ನೇರ ಮೃಗಾಲಯಕ್ಕೆ ಹೋಗುತ್ತಿದ್ದವು. ರಾತ್ರಿ ಬಂದ ತಾಯಿ ಮರಿ ಕಾಣದೆ ಅದೇ ಜಾಗದಲ್ಲಿ ಸುತ್ತುತ್ತಿತ್ತು, ಅಡ್ಡ ಬಂದವರ ಮೇಲೆ ಎರಗುವ ಸಂಭವವೂ ಹೆಚ್ಚುತ್ತಿತ್ತು. ಈಗ ಜುನ್ನರ್ ಸೀಮೆಯಲ್ಲಿ, ನಮ್ಮ ಹಲವು ಕಡೆಗಳಲ್ಲೂ, ಕ್ರಮ ಬದಲಾಗಿದೆ. ಪಶುವೈದ್ಯರು ಮರಿಗಳನ್ನು ಪರೀಕ್ಷಿಸಿ, ಉಣ್ಣೆ ಹುಳು ತೆಗೆದು, ಸಂಜೆಗೆ ಸಿಕ್ಕಿದ ಜಾಗದಲ್ಲೇ ಮರಿಗಳಿಗೆ ಹತ್ತಿ ಇಳಿಯಲಾಗದ, ತಾಯಿಗೆ ಸುಲಭವಾಗಿ ಬಾಯಿ ಹಾಕಲಾಗುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸುತ್ತ ಕ್ಯಾಮೆರಾ ಕಟ್ಟಿ ಎಲ್ಲರೂ ದೂರ ಹೋಗುತ್ತಾರೆ. ತಾಯಿ ಕತ್ತಲಲ್ಲಿ ಬಂದು, ಪೆಟ್ಟಿಗೆಯ ಅಂಚನ್ನು ಮೂಸಿ, ಒಂದೊಂದನ್ನೇ ಕುತ್ತಿಗೆ ಹಿಡಿದು ಎತ್ತಿಕೊಂಡು ಹೋಗುತ್ತದೆ. ಒಂದು ಮರಿ ಒಯ್ದು ಇನ್ನೊಂದಕ್ಕೆ ಮರಳುವ ನಡುವೆ ಎಷ್ಟು ಹೊತ್ತಾಯಿತು ಎಂಬುದರಿಂದ ಹೊಸ ಅಡಗುತಾಣ ಎಷ್ಟು ದೂರವಿದೆ ಎಂದು ಅಂದಾಜು ಮಾಡಬಹುದು. ಅಲ್ಲಿ ಕಟಾವು ಮುಂದೂಡಿ ಎಂದು ರೈತರನ್ನು ಕೇಳಿಕೊಳ್ಳಬಹುದು. ಸಕ್ಕರೆ ಕಾರ್ಖಾನೆಯ ಕಟಾವು ಆದೇಶ ಕೈಗೆ ಬಂದ ರೈತ ಎಷ್ಟು ದಿನ ಮುಂದೂಡಿಯಾನು ಎನ್ನುವುದು ಬೇರೆ ಮಾತು.

ರಾತ್ರಿ ಎದುರಾದ ಚಿರತೆ ಸಾಮಾನ್ಯವಾಗಿ ಜಾರಿಕೊಳ್ಳುತ್ತದೆ. ಜನ ಗಾಯಗೊಳ್ಳುವುದು ಹೆಚ್ಚಾಗಿ ಹಗಲು, ಅದು ಎಲ್ಲೋ ಸಿಕ್ಕಿಹಾಕಿಕೊಂಡು, ಊರಿಗೆ ಊರೇ ಸುತ್ತುವರಿದಾಗ. 2016ರ ಫೆಬ್ರುವರಿ 7ರ ಭಾನುವಾರ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯ ವಿಡಿಯೊ ಲೋಕವೇ ನೋಡಿತು. ಅಂದು ಗಾಯಗೊಂಡವರಲ್ಲಿ ಚಿರತೆಗಳ ಬಗ್ಗೆಯೇ ಅಧ್ಯಯನ ಮಾಡುವ ವಿಜ್ಞಾನಿ ಸಂಜಯ್ ಗುಬ್ಬಿಯೂ ಒಬ್ಬರು. ಅರಿವಳಿಕೆ ಮದ್ದು ಸಿನಿಮಾದಲ್ಲಿ ತೋರಿಸುವಂತೆ ತಾಗಿದ ಕೂಡಲೆ ಕೆಡವುವುದಿಲ್ಲ. ಹಲವು ನಿಮಿಷ ಬೇಕು, ಗಾಬರಿಗೊಂಡ ಪ್ರಾಣಿಗೆ ಇನ್ನೂ ಹೆಚ್ಚು. ಆ ನಿಮಿಷಗಳಲ್ಲಿ ಅದಕ್ಕೆ ಓಡಿಹೋಗಲು ಒಂದು ದಿಕ್ಕಾದರೂ ಖಾಲಿ ಇರಬೇಕು. ಕಾಂಪೌಂಡಿನ ನಾಲ್ಕೂ ಕಡೆ ಜನ ಹತ್ತಿ ನಿಂತಿದ್ದರೆ ಅದು ಯಾರ ಮೇಲಾದರೂ ಬೀಳಲೇಬೇಕು.

ಇಷ್ಟು ಹೇಳಿದ ಮೇಲೂ, ಜನರನ್ನು ಕೊಲ್ಲುವ ಚಿರತೆ ಇಲ್ಲವೇ ಇಲ್ಲ ಎನ್ನಲಾಗದು. ತೇಜಸ್ವಿಯವರ ಕನ್ನಡದಲ್ಲಿ ಬೇಟೆಗಾರ ಕಾರ್ಬೆಟ್‌ನನ್ನು ಓದಿದವರಿಗೆ ರುದ್ರಪ್ರಯಾಗದ ಚಿರತೆ ಗೊತ್ತು. 1926ರಲ್ಲಿ ಗುಂಡಿಗೆ ಬಲಿಯಾಗುವ ಮುನ್ನ ಅದು ಕೊಂದವರ ಅಧಿಕೃತ ಸಂಖ್ಯೆ 125. ಅಷ್ಟು ಹಿಂದೆ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಾಲ್ವರು ಸತ್ತರು. ಅವರಲ್ಲಿ ವಿದ್ಯಾರ್ಥಿಗಳಿದ್ದರು, ಚಿಕ್ಕ ಹುಡುಗನಿದ್ದ. ಕಾವೇರಿ ಬಯಲಿನ ಆ ಊರುಗಳಲ್ಲಿ ಸಂಜೆಯಾದರೆ ಬೀದಿ ಬರಿದಾಯಿತು. ಕಬ್ಬು ಬೇಗ ಕಡಿಸಲು ಆಡಳಿತವೇ ಮುಂದಾಯಿತು, ಸರ್ಕಾರ ಚಿರತೆ ಕಾರ್ಯಪಡೆ ರಚಿಸಿತು. ಇಂಥ ಕಡೆ ಸಹಬಾಳ್ವೆಯ ಪಾಠ ಹೇಳಲು ಹೋದವರಿಗೆ ಏಟು ಬಿದ್ದರೆ ಆಶ್ಚರ್ಯವಿಲ್ಲ. ಜನರ ಮೇಲೆ ಪದೇ ಪದೇ ಎರಗುವ ಚಿರತೆಯನ್ನು ಹಿಡಿಯಲೇಬೇಕು, ಹಿಡಿದ ಮೇಲೆ ಮತ್ತೆ ಎಲ್ಲಿಯೂ ಬಿಡಬಾರದು. ಅದು ಬದುಕಿರುವಷ್ಟು ಕಾಲ, ಬೋನಿನೊಳಗೆ ಅದು ಇಪ್ಪತ್ತು ವರ್ಷವೂ ಆಗಬಹುದು, ಸರ್ಕಾರವೇ ಸಾಕಬೇಕು. ಪುನರ್ವಸತಿ ಕೇಂದ್ರಗಳಲ್ಲಿ ಜಾಗ ಮಾತ್ರ ಅಷ್ಟಿಲ್ಲ.

ಆದರೆ ಸಿಕ್ಕಿದ್ದು ಅದೇ ಚಿರತೆಯೇ? ಹತ್ತು ಬೋನು ಇಟ್ಟರೆ ನಾಲ್ಕು ಚಿರತೆ ಬೀಳಬಹುದು. ಸಾವು ನಡೆದ ಜಾಗದ ಸುತ್ತ ಅಂದೇ ರಾತ್ರಿ ಕ್ಯಾಮೆರಾ ಕಟ್ಟಿದ್ದರೆ, ಮರಳಿ ಬಂದ ಚಿರತೆಯ ಪಕ್ಕೆಯ ಹೂಗಳು ಅದರಲ್ಲಿ ಸಿಗುತ್ತವೆ. ಬೋನಿನಲ್ಲಿರುವುದರ ಜೊತೆ ಹೋಲಿಸಬಹುದು. ಗಾಯದಿಂದ ಒರೆಸಿ ತೆಗೆದ ಜೊಲ್ಲಿನ ಡಿಎನ್‌ಎ ಕೂಡ ಸಾಕ್ಷಿಯಾಗಬಲ್ಲದು, ಮಾದರಿಯನ್ನು ಬೇಗ ತೆಗೆದಿದ್ದರೆ. ಎರಡೂ ಇಲ್ಲದಿದ್ದರೆ ಉಳಿಯುವುದು ಊಹೆ. ಆಗ ಮೊದಲು ಬೋನಿಗೆ ಬಿದ್ದದ್ದೇ ನರಭಕ್ಷಕ, ಎರಡನೆಯದು ಬೀಳುವವರೆಗೆ.